ಅಪ್ಪನಿಗೆ ಕಡ ಸಿಗದ ದಿನ

ಮಕ್ಕಳೇ, ನಿಮ್ಮಷ್ಟೇ ಚಿಕ್ಕವಳಿದ್ದಾಗ ನಾನು ಮದರಾಸಿನ ಮೈಲಾಪೂರಿನ ಒಂದು ವಠಾರದಲ್ಲಿದ್ದೆ. ಅಪ್ಪ, ಅಮ್ಮ, ಅಕ್ಕ ಮತ್ತು ನಾನು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎರಡೂ ಬೆರೆತು ನಮ್ಮ ಮಾತು ಒಳ್ಳೇ ಚಿತ್ರಾನ್ನವಾಗಿತ್ತು. ಬೆಳಗಾದರೆ ಬೀದಿಯ ತುಂಬ ಕಾಫಿಬೀಜ ಹುರಿಯುವ ವಾಸನೆ, ಹೂವಿನವಳ ಕೂಗು. ಅವುಗಳ ನಡುವೆ ನಮ್ಮ ಹಿತ್ತಿಲಿನಿಂದ ಅಮ್ಮನ ರುಬ್ಬುವ ಕಲ್ಲಿನ ಗುಡುಗುಡು ಸದ್ದು.

ಅಮ್ಮ ರುಬ್ಬಿದ ದೋಸೆಹಿಟ್ಟೆಂದರೆ ವಠಾರದವರಿಗೆಲ್ಲ ಆಸೆ. ಪಾತ್ರೆ ತಂದು, ಚಿಲ್ಲರೆ ಕೊಟ್ಟು ಒಯ್ಯುತ್ತಿದ್ದರು. ಆ ವರ್ಷ ಅಕ್ಕನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಪ್ಪನ ಗುಮಾಸ್ತಿಕೆಯ ಸಂಬಳದಲ್ಲಿ ಅದರ ಫೀಸು ಕಟ್ಟುವುದು ಹೇಗೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಪಕ್ಕದ ಬೀದಿಯಲ್ಲಿ ಹೊಸದಾಗಿ ಮೆಸ್ಸು ತೆರೆದವರು ಮನೆಗೆ ಬಂದರು. ಯಾರದೋ ಮನೆಯಲ್ಲಿ ನಮ್ಮ ಹಿಟ್ಟಿನ ಇಡ್ಲಿ ತಿಂದಿದ್ದರಂತೆ. ಸೋಮವಾರದಿಂದ ದಿನಾ ಬೆಳಿಗ್ಗೆ ಎರಡು ದೊಡ್ಡ ಹಂಡೆ ಹಿಟ್ಟು ಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅಮ್ಮ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಳು. ಅವರು ಹೋದ ಮೇಲೆ ತನ್ನ ಬಲತೋಳನ್ನು ಹಿಡಿದುಕೊಂಡು ಕುಳಿತಳು. ಅಷ್ಟು ಹಿಟ್ಟನ್ನು ಕೈಯಲ್ಲಿ ರುಬ್ಬುವುದು ಯಾರಿಂದಲೂ ಆಗದ ಮಾತು.

ಅಕ್ಕ ಹೇಳಿದಳು, "ಕರೆಂಟಿನ ಗ್ರೈಂಡರ್ ಬಂದಿದೆಯಲ್ಲ ಅಪ್ಪ, ಸೌಕಾರ್‌ಪೇಟೆಯಲ್ಲಿ ಕಂತಿನ ಮೇಲೆ ಕೊಡ್ತಾರಂತೆ."

ಕಂತು ಎಂಬ ಮಾತು ಕೇಳಿ ಅಪ್ಪನ ಮುಖ ಹಾಗಲಕಾಯಿ ಕಚ್ಚಿದಂತಾಯಿತು. ಅವರು ಹುಟ್ಟಿದ ಮೇಲೆ ಯಾರಿಂದಲೂ ಸಾಲ ತಂದವರಲ್ಲ. ಅಂಗಡಿಗೆ ಹೋದರೆ ಕೈಯಲ್ಲಿ ಕಾಸು, ಕಾಸಿಲ್ಲದಿದ್ದರೆ ಅಂಗಡಿಯೇ ಬೇಡ. ಅಮ್ಮ ಮಾತ್ರ ಮೂಲೆಯ ದಿನಸಿ ಅಂಗಡಿ ಮಾಮನ ಹತ್ತಿರ ತಿಂಗಳಿಡೀ ಅಕ್ಕಿಬೇಳೆಯನ್ನು ಲೆಕ್ಕಕ್ಕೆ ಬರೆಸಿ ತಂದು ಒಂದನೇ ತಾರೀಕಿಗೆ ತೀರಿಸುತ್ತಿದ್ದಳು. "ಡಬ್ಬಿಯಲ್ಲಿ ದುಡ್ಡಿದ್ದೂ ಯಾಕೆ ಕಡ ಹೇಳ್ತೀಯ?" ಎಂದು ಅಪ್ಪ ಸಿಡುಕುತ್ತಿದ್ದರು. "ಇರ್ಲಿ ಬಿಡಿ, ನಾಲ್ಕು ಜನಕ್ಕೆ ನಮ್ಮ ಗುರುತು ಇರ್ಬೇಕು," ಎನ್ನುತ್ತಿದ್ದಳು ಅಮ್ಮ. ಅಪ್ಪ ಆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಆದರೂ ಅಮ್ಮನ ತೋಳು, ಅಕ್ಕನ ಕಾಲೇಜು ಎರಡನ್ನೂ ನೆನೆದು ಅಪ್ಪ ಮನಸ್ಸು ಗಟ್ಟಿ ಮಾಡಿದರು. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂಡಿಟ್ಟ ಹಣವನ್ನು ಒಳಜೇಬಿನಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಸೌಕಾರ್‌ಪೇಟೆಯನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬರ ಬೆನ್ನು ಇನ್ನೊಬ್ಬರ ಎದೆಗೆ ತಾಗುವಷ್ಟು ಕಿರಿದಾದ ಓಣಿಗಳು. ಒಂದು ಕಡೆ ಜರಿಸೀರೆಗಳ ಮಿಂಚು, ಇನ್ನೊಂದು ಕಡೆ ಮೂಟೆ ಮೂಟೆ ಮೆಣಸಿನಕಾಯಿಯ ಘಾಟು. ಬಿಸಿ ಜಿಲೇಬಿಯ ವಾಸನೆಗೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಅಪ್ಪ ನನ್ನ ಕೈ ಬಿಡಲಿಲ್ಲ.

ಗ್ರೈಂಡರ್ ಅಂಗಡಿಯ ಸೇಟು ಬಿಳಿ ಗಾದಿಯ ಮೇಲೆ ಕುಳಿತಿದ್ದರು. ಯಂತ್ರವನ್ನು ತಿರುಗಿಸಿ ತೋರಿಸಿದರು. ಕಲ್ಲು ತಾನೇ ತಾನಾಗಿ ಗಿರಗಿರ ಸುತ್ತುವುದನ್ನು ಕಂಡು ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಸೇಟು ತಮ್ಮ ಹರುಕುಮುರುಕು ತಮಿಳಿನಲ್ಲಿ ಅಪ್ಪನನ್ನು ಕೇಳಿದರು. ಅದನ್ನು ಕನ್ನಡದಲ್ಲೇ ಹೇಳುತ್ತೇನೆ.

"ಇದಕ್ಕೆ ಮುಂಚೆ ಎಲ್ಲಿ ಕಂತು ಕಟ್ಟಿದ್ದೀರಿ ಸಾರ್?"

"ಎಲ್ಲೂ ಇಲ್ಲ. ನಾನು ಯಾರ ಹತ್ತಿರವೂ ಸಾಲ ಮಾಡಿದವನಲ್ಲ," ಎಂದರು ಅಪ್ಪ, ಎದೆ ಉಬ್ಬಿಸಿ.

ಸೇಟು ಶಭಾಷ್ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಗಲ್ಲ ತುರಿಸಿಕೊಂಡರು. "ಹಾಗಾದ್ರೆ ನೀವು ವಾಪಸ್ ಕೊಡೋರೋ ಅಲ್ಲವೋ ಅಂತ ನನಗೆ ಹೇಳೋರು ಯಾರು? ಪೇಟೆಯಲ್ಲಿ ನಿಮ್ಮನ್ನ ಬಲ್ಲ ಒಬ್ಬರ ಜಾಮೀನು ತನ್ನಿ."

ಅಪ್ಪನ ಎದೆ ಚಕ್ರದ ಗಾಳಿ ಹೋದಂತೆ ಇಳಿಯಿತು. ಒಂದು ಪೈಸೆಯೂ ಬಾಕಿ ಇಟ್ಟುಕೊಳ್ಳದ ಮನುಷ್ಯ, ಮದರಾಸಿನ ಒಬ್ಬ ಅಂಗಡಿಯವನಿಗೂ ಪರಿಚಯವಿಲ್ಲ! ಅವರು ಎದ್ದು ನಿಂತೇಬಿಟ್ಟರು. ನನಗೆ ಅಳು ಬಂತು. ಅಳುತ್ತಲೇ ಕೂಗಿದೆ, "ಅಪ್ಪನ್ನ ಗೊತ್ತಿಲ್ಲದಿದ್ರೆ ಏನು? ನಮ್ಮ ಅಮ್ಮನ್ನ ದಿನಸಿ ಅಂಗಡಿ ಮಾಮಂಗೆ ಗೊತ್ತು!"

ಯಾವ ಬೀದಿ, ಯಾವ ಅಂಗಡಿ ಎಂದು ಸೇಟು ವಿಚಾರಿಸಿದರು. ಆ ಮಾಮ ಬೇಳೆಕಾಳು ಕೊಳ್ಳಲು ಇದೇ ಓಣಿಗೆ ಬರುತ್ತಿದ್ದರಂತೆ. "ಅವರು ಬಂದು ಸಹಿ ಹಾಕಲಿ, ಈಗಲೇ ಕೊಡ್ತೀನಿ. ನಾಳೆ ಭಾನುವಾರ, ಅಂಗಡಿ ಇಲ್ಲ," ಎಂದರು.

ಮತ್ತೆ ಬಸ್ಸು, ಮತ್ತೆ ಮೈಲಾಪೂರು. ಬಿಸಿಲಿಗೆ ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ದಿನಸಿ ಅಂಗಡಿಯ ಮುಂದೆ ನಿಂತು ಅವರು ಕೆಮ್ಮಿದರು. ಬೆಲ್ಲದ ಮೇಲಿನ ನೊಣ ಓಡಿಸುತ್ತಿದ್ದ ಮಾಮ ತಲೆಯೆತ್ತಿ, "ಏನು ಬೇಕು ಸಾರ್? ಈ ಕಡೆ ಹೊಸಬರಾ?" ಎಂದು ಕೇಳಿಬಿಟ್ಟರು. ಅಷ್ಟು ವರ್ಷದಿಂದ ಅದೇ ಬೀದಿಯಲ್ಲಿದ್ದವರು ನಮ್ಮಪ್ಪ! ಆಗ ಅಪ್ಪನ ಬೆನ್ನ ಹಿಂದಿದ್ದ ನಾನು ಇಣುಕಿದೆ. ಮಾಮನ ಕಣ್ಣರಳಿತು. "ಅಡಡೇ! ಪಾಪಾ, ನೀನಾ? ಹಾಗಾದ್ರೆ ಇವರು ಅಮ್ಮಾವ್ರ ವೀಟ್ಟುಕ್ಕಾರರಾ?" ಅಂದರೆ, ಯಜಮಾನರಾ ಎಂದು.

ಅಪ್ಪ ವಿಷಯ ಹೇಳಿದರು. ಹೇಳುವಾಗ ದನಿ ತೀರ ಸಣ್ಣದಾಗಿತ್ತು. ಮಾಮ ಕೇಳಿ ಮುಗಿಸುವ ಮೊದಲೇ ಗೂಟದಲ್ಲಿದ್ದ ಅಂಗಿಗೆ ಕೈ ಹಾಕಿದರು.

"ಅಷ್ಟು ಸುಲಭವಾ? ನಾವು ಕಟ್ಟದೇ ಹೋದ್ರೆ ನಿಮ್ಮ ತಲೆಗೆ ಬರುತ್ತಲ್ಲ?" ಎಂದು ಅಪ್ಪನೇ ಗಾಬರಿಯಿಂದ ಕೇಳಿದರು.

"ಬರುತ್ತೆ. ಆದ್ರೆ ಒಂದು ಕೇಳಿ ಸಾರ್. ಹಿಂದೆ ನಿಮ್ಮ ಸಂಬಳ ಒಂದ್ಸಲ ತಡ ಆಗಿತ್ತಲ್ಲ? ಬಾಕಿ ಇರೋರು ಆಗ ಎದುರು ಬದಿಯಲ್ಲಿ ತಲೆ ತಗ್ಗಿಸ್ಕೊಂಡು ಹೋಗ್ತಾರೆ. ನಿಮ್ಮ ಮನೆ ಅಮ್ಮ ನೇರ ಅಂಗಡಿಗೇ ಬಂದ್ರು. ಈ ತಿಂಗಳು ತಡ ಆಗುತ್ತೆ, ಸೋಮವಾರ ಕೊಡ್ತೀನಿ ಅಂದ್ರು. ಸೋಮವಾರ ನಾನು ಬಾಗಿಲು ತೆಗೆಯೋಕೆ ಮುಂಚೆ ಬಂದು ನಿಂತಿದ್ರು. ಅಂಥವರಿಗೆ ಸಹಿ ಹಾಕೋಕೆ ನಾನು ಯಾಕೆ ಯೋಚನೆ ಮಾಡ್ಲಿ?"

ಅಪ್ಪ ನನ್ನನ್ನು ಮನೆಗೆ ಓಡಿಸಿ ಅಮ್ಮನನ್ನು ಕರೆಸಿದರು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಾಗ, "ನಿನ್ನ ಗುರುತು ಬೇಕಂತೆ, ಬಾ," ಎಂದರು. ಅಮ್ಮ ಮುಸಿಮುಸಿ ನಕ್ಕಳು.

ಎಲ್ಲರೂ ಸೌಕಾರ್‌ಪೇಟೆಗೆ ಹೋದೆವು. ಸಹಿ ಹಾಕುವ ಮೊದಲು ಅಮ್ಮ ಸೇಟುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಬಡ್ಡಿ ಸೇರಿ ಒಟ್ಟು ಎಷ್ಟಾಗುತ್ತದೆ? ಬೇಗ ತೀರಿಸಿದರೆ ಕಡಿಮೆ ಮಾಡುತ್ತೀರಾ? ಕಲ್ಲು ಒಡೆದರೆ ಯಾರು ಹೊಣೆ? ಸೇಟು ಬೆವರೊರೆಸಿಕೊಂಡು, "ಅಮ್ಮಾ, ನೀವೇ ಈ ಗಾದಿ ಮೇಲೆ ಕೂತ್ಕೊಳ್ಳಿ," ಎಂದು ನಕ್ಕರು. ಕೊನೆಗೆ ಜಿಲೇಬಿಯನ್ನೂ ತರಿಸಿಕೊಟ್ಟರು.

ಗ್ರೈಂಡರನ್ನು ಮೂರು ಚಕ್ರದ ಸೈಕಲ್ ಗಾಡಿಗೆ ಏರಿಸಿದರು. ಅಮ್ಮ, ಮಾಮ ಬಸ್ಸಿನಲ್ಲಿ ಹೋದರು. ಯಂತ್ರ ಅಲುಗದಂತೆ ಹಿಡಿದುಕೊಳ್ಳಲು ಅಪ್ಪ ಒಂದು ಪಕ್ಕ, ನಾನು ಇನ್ನೊಂದು ಪಕ್ಕ ಕುಳಿತೆವು. ಸಮುದ್ರದ ಪಕ್ಕದ ರಸ್ತೆಗೆ ಬಂದಾಗ ಸಂಜೆಯ ಉಪ್ಪುಗಾಳಿ ಮುಖಕ್ಕೆ ಬಡಿಯಿತು. ದಾರಿಹೋಕರು ನಮ್ಮನ್ನು ನೋಡಿ ಕೈ ಬೀಸಿದರು. ನಮ್ಮ ಗಂಭೀರ ಅಪ್ಪ ಕೂಡ ತಿರುಗಿ ಕೈ ಬೀಸಿದರು!

ಸೋಮವಾರ ಹಿಟ್ಟು ಮೆಸ್ಸಿಗೆ ಹೋಯಿತು. ಬಂದ ಹಣದಲ್ಲಿ ಅಮ್ಮ ಮೊದಲು ಕಂತಿಗೆ ತೆಗೆದಿಡುತ್ತಿದ್ದಳು, ಆಮೇಲೆ ಅಕ್ಕಿ ಉದ್ದಿಗೆ, ಆಮೇಲೆ ಅಕ್ಕನ ಫೀಸಿಗೆ. ಮಿಕ್ಕಿದ್ದರಲ್ಲಿ ನಮಗೆ ಎಂದಾದರೂ ಐಸ್‌ಕ್ರೀಮು. ಕಂತು ಒಂದು ಸಲವೂ ತಪ್ಪಲಿಲ್ಲ, ಅಕ್ಕ ಕಾಲೇಜು ಮುಗಿಸಿದಳು. ಅಪ್ಪನೂ ಒಮ್ಮೆ ಧೈರ್ಯ ಮಾಡಿ ಮಾಮನ ಅಂಗಡಿಯಲ್ಲಿ ತಮ್ಮ ಹೆಸರಿಗೆ ಒಂದು ಸೋಪು ಬರೆಸಿ ತಂದರು. ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೋಗಿ ಕೊಟ್ಟು ಬಂದರು. "ಒಂದನೇ ತಾರೀಕಿನ ತನಕ ಟೈಮಿತ್ತಲ್ಲಾ ರೀ!" ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ನಿಮ್ಮ ಕಾಲ. ನಾವಿರುವುದು ಇದೇ ಮದರಾಸಿನ ಪಲ್ಲಾವರದ ಫ್ಲ್ಯಾಟಿನಲ್ಲಿ. ಈ ಮನೆಗೆ ಸಾಲ ಕೊಡುವಾಗ ಬ್ಯಾಂಕಿನವರು ನಿಮ್ಮ ಅಪ್ಪನನ್ನು ಬಲ್ಲವರು ಯಾರೆಂದು ಕೇಳಲಿಲ್ಲ. ಹಿಂದಿನ ಕಂತುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಕಟ್ಟಿದ್ದಾನೆಯೇ ಎಂದು ಕಂಪ್ಯೂಟರಿನಲ್ಲಿ ಒಂದು ಅಂಕಿ ನೋಡಿದರು, ಅಷ್ಟೆ. ಅಂಗಡಿಯಲ್ಲಿ ಫೋನು ತೋರಿಸಿದರೆ ಹಣ ಹೋಗುತ್ತದೆ, ಮುಖ ನೋಡುವ ಕೆಲಸವೇ ಇಲ್ಲ.

ಹಾಗೆಂದುಕೊಂಡಿದ್ದೆ. ಹೋದ ವಾರ ಇಲ್ಲಿಯ ಶುಕ್ರವಾರದ ಸಂತೆಯಲ್ಲಿ ನಿಮ್ಮಲ್ಲೇ ಚಿಕ್ಕವಳಾದ ಈ ಮೊಮ್ಮಗಳು ಒಂದು ಗುಲಾಬಿ ಗಿಡ ಆರಿಸಿಕೊಂಡಳು. ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ, ನನ್ನ ಪರ್ಸು ಮನೆಯಲ್ಲಿತ್ತು. ಗಿಡ ಮಾರುವವಳು, "ತಗೊಂಡ್ ಹೋಗು ಪಾಪಾ, ಮುಂದಿನ ವಾರ ಕೊಡು," ಎಂದಳು. ದಾರಿಯುದ್ದಕ್ಕೂ ಇವಳದು ಒಂದೇ ಮಾತು, "ಅಜ್ಜಿ, ಅವ್ರಿಗೆ ನನ್ನ ನೇಮೇ ತೆರಿಯಾದು, ಆದ್ರೂ ಕೊಟ್ರಲ್ಲ!" ಅಂದರೆ, ಹೆಸರೇ ಗೊತ್ತಿಲ್ಲ ಎಂದು.

ಈ ಶುಕ್ರವಾರ ನಾನು ನಿದ್ದೆಯಿಂದ ಏಳುವಾಗಲೇ ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಣ ಕೈಗಿಟ್ಟಾಗ ಗಿಡದವಳು ಮಲ್ಲಿಗೆಯ ಕುಂಡವೊಂದನ್ನು ಮುಂದೆ ತಳ್ಳಿ, "ಇದನ್ನೂ ಒಯ್ಯಿ, ದುಡ್ಡು ಯಾವಾಗಾದ್ರೂ ಕೊಡು," ಎಂದಳು. ಮೊಮ್ಮಗಳು ಬಗ್ಗಿ ಮೊಗ್ಗನ್ನು ಮೂಸಿ ನೋಡಿದಳು. ಕುಂಡವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ವೇಂಡಾ ಅಕ್ಕಾ, ಬೇಡ," ಎಂದಳು, "ಬಾಲ್ಕನಿಯಲ್ಲಿ ಜಾಗ ಇಲ್ಲ."