ಮಂಗಳೂರಿನ ಮೂರು ನಿಮಿಷ

"ಗ್ರ್ಯಾನಿ, ಹ್ಯಾಮರ್ ತರಲಾ?" ಎಂದು ಮೊಮ್ಮಗಳು ಜೋಯಿ ಇಂಗ್ಲಿಷಿನಲ್ಲಿ ಕೇಳಿದಳು. ಅರವತ್ತು ವರ್ಷದಿಂದ ನಾನು ಮಾಡುತ್ತಿರುವ ಚಾಕೊಲೇಟ್ ಫಜ್ ತಟ್ಟೆಯಲ್ಲಿ ಕರಿಗಲ್ಲಾಗಿ ಕೂತಿತ್ತು. ಹೊರಗೆ ಡಾಂಬರು ಕರಗುವ ಬಿಸಿಲು. ಮಂಗಳೂರಿನಲ್ಲಿ ಡಿಸೆಂಬರ್ ಬಂತೆಂದರೆ ಬೆಳಗ್ಗೆ ಚೂರು ಚಳಿಯಾದರೂ ಇರುತ್ತದೆ. ಮೆಲ್ಬರ್ನಿನ ಈ ಪಾಯಿಂಟ್ ಕುಕ್‌ನಲ್ಲಿ ಸಾಂತಾಕ್ಲಾಸ್ ಚಡ್ಡಿ ಹಾಕುತ್ತಾನೆ.

ಮೊದಲು ಸಿಡ್ನಿಯ ಟೂಂಗಾಬಿಯಲ್ಲಿದ್ದೆವು. ಅಲ್ಲಿ ಬೀದಿ ದಾಟಿದರೆ ಕುಚ್ಚಲಕ್ಕಿ, ಕರಿಬೇವು, ಮಾತಿಗೆ ಜನ. ಮಗಳು ಐವಿಗೆ ಇಲ್ಲಿ ನರ್ಸ್ ಕೆಲಸವಾಗಿ ಈ ಸಬರ್ಬ್‌ಗೆ ಬಂದಮೇಲೆ ಚರ್ಚಿನಲ್ಲೂ ನಾನು "ಐವೀಸ್ ಮದರ್" ಅಷ್ಟೇ. ನನ್ನ ಹೆಸರು ಯಾರೂ ಕೇಳಲಿಲ್ಲ. ಅದಕ್ಕೇ ಭಾನುವಾರದ ಕ್ರಿಸ್ಮಸ್ ಮೇಜಿಗೆ ಯಾರು ಏನು ತರುತ್ತೀರಿ ಎಂದು ಉಸ್ತುವಾರಿಯ ಮಾರ್ಗರೆಟ್ ಕೇಳಿದಾಗ ಕೈ ಎತ್ತಿಬಿಟ್ಟೆ. "ಫಜ್. ಹೋಮ್‌ಮೇಡ್."

"ಅಂಗಡಿಯದ್ದಾದರೂ ಪರವಾಗಿಲ್ಲ, ಲವ್," ಎಂದಳು ಕರುಣೆಯಿಂದ. ಇಲ್ಲಿ ಬಸ್ ಡ್ರೈವರಿಗೂ ನಾವು ಲವ್.

ಫಜ್ ನಮ್ಮದೇನಲ್ಲ, ಅಮೆರಿಕದ ಹಳೇ ಮಿಠಾಯಿ. ಸಕ್ಕರೆ, ಹಾಲು, ಕೋಕೋ, ಬೆಣ್ಣೆ, ಮಿಕ್ಕಿದ್ದೆಲ್ಲ ತಾಳ್ಮೆ. ಅಲ್ಲಿನ ಹುಡುಗಿಯರ ಕಾಲೇಜುಗಳಲ್ಲಿ ವಾರ್ಡನ್ನಿಗೆ ಗೊತ್ತಾಗದಂತೆ ಹಾಸ್ಟೆಲ್ ಕೋಣೆಯ ಗ್ಯಾಸ್ ದೀಪದ ಮೇಲೇ ಕಾಯಿಸುತ್ತಿದ್ದರಂತೆ. ಶಾಲೆಯಲ್ಲಿ ನಮ್ಮ ಕಾನ್ವೆಂಟಿನ ಸಿಸ್ಟರ್ ಇದನ್ನು ಹೇಳುವಾಗ ಅವರ ಕಣ್ಣಲ್ಲೇ ತುಂಟತನ ಇಣುಕುತ್ತಿತ್ತು. ಕ್ರಿಸ್ಮಸ್‌ಗೆ ನೆರೆಮನೆಗಳಿಗೆ ಹಂಚುವ ನಮ್ಮ ಕುಸ್ವಾರ್ ತಟ್ಟೆಯಲ್ಲಿ ಅದು ನೆವ್ರಿಯ, ಅಂದರೆ ನಮ್ಮ ಕರ್ಜಿಕಾಯಿಯ, ಪಕ್ಕ ಹುಟ್ಟಾ ಮಂಗಳೂರಿನವರಂತೆ ಕೂತುಬಿಟ್ಟಿದೆ.

ಎರಡನೇ ಪಾತ್ರೆಯೂ ಕಲ್ಲಾಯಿತು. ಶನಿವಾರ ಬೇಸರದಲ್ಲಿ ಬಟ್ಟೆ ಹರವಲು ಹೋದೆ. ಕೊನೆಯ ಬಟ್ಟೆಗೆ ಕ್ಲಿಪ್ ಹಾಕುವಷ್ಟರಲ್ಲಿ ಮೊದಲಿನ ಟವೆಲ್ ಹಪ್ಪಳದ ಹಾಗೆ ಒಣಗಿತ್ತು. ಆಗ ಹೊಳೆಯಿತು. ತಣ್ಣೀರಿಗೆ ಬಿಟ್ಟ ಪಾಕ ಮೆತ್ತನೆ ಉಂಡೆಯಾದ ಮೇಲೂ ಅಮ್ಮ ಮೂರು ನಿಮಿಷ ಹೆಚ್ಚು ಕಾಯಿಸುತ್ತಿದ್ದಳು, "ಕಡಲಗಾಳಿಯ ಪಾಲು" ಎಂದು. ಇಲ್ಲದಿದ್ದರೆ ನಮ್ಮ ಸೆಕೆಗೆ ಎರಡೇ ದಿನದಲ್ಲಿ ಫಜ್ ಬೆವರುತ್ತದೆ. ಸಿಡ್ನಿಯ ಸೆಕೆಗೂ ಅದು ಒಗ್ಗಿತ್ತು. ಈ ಒಣಗಾಳಿಗೆ ನಾನು ಆ ಪಾಲನ್ನು ಸುಮ್ಮನೆ ಕೊಡುತ್ತಿದ್ದೆ, ಅದಕ್ಕೇ ಕಲ್ಲು.

ಮೂರನೆಯ ಸಲ ಉಂಡೆ ಕಟ್ಟಿದ್ದೇ ಇಳಿಸಿದೆ. ಜೋಯಿ ಚಮಚ ಹಿಡಿದಳು.

"ಡೋಂಟ್ ಟಚ್. ಬಿಸಿಯಲ್ಲಿ ಕಲಕಿದರೆ ಮರಳಾಗ್ತದೆ. ಪಾತ್ರೆಯ ತಳ ಅಂಗೈಯಲ್ಲಿ ಹಿಡಿಯುವ ಹಾಗಾಗಲಿ."

"ಗ್ರ್ಯಾನಿ, ದಟ್ಸ್ ನಾಟ್ ಎ ಟೆಂಪರೇಚರ್."

"ನಿನ್ನ ಥರ್ಮಾಮೀಟರಿಗಿಂತ ನನ್ನ ಕೈ ಸೀನಿಯರ್."

ಆಮೇಲೆ ಇಬ್ಬರೂ ಸರದಿಯಲ್ಲಿ ಕಡೆದೆವು, ಪಾಕದ ಹೊಳಪು ಮಾಸುವ ತನಕ. ತಟ್ಟೆಗೆ ಸುರಿದು ಆರಿದ ಮೇಲೆ ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಮಾರ್ಗರೆಟ್ ಒಂದು ತುಂಡು ತಿಂದಳು. ಎರಡನೆಯದನ್ನು ಗಂಡನಿಗೆಂದು ಟಿಶ್ಯೂವಿನಲ್ಲಿ ಸುತ್ತಿ, ಅಲ್ಲೇ ಬಿಚ್ಚಿ ತಿಂದಳು. ಆಮೇಲೆ ಪೆನ್ ತೆಗೆದಳು. "ಮುಂದಿನ ವರ್ಷಕ್ಕೂ ನೀವೇ. ಯುವರ್ ನೇಮ್, ಲವ್?"

"ಫಿಲೋಮಿನಾ," ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಖಾಲಿ ತಟ್ಟೆಯನ್ನು ಜೋಯಿ ಕಿರೀಟದಂತೆ ಹೊತ್ತು ತಂದಳು.

ಸಂಜೆ ಮಂಗಳೂರಿನಿಂದ ತಂಗಿ ಲಿಲ್ಲಿಯ ಫೋನ್. "ನಮ್ಮ ಫಜ್ ಈ ಸಲ ಕೈಗೆ ಅಂಟ್ತಾ ಉಂಟು ಮಾರಾಯ್ತಿ. ಇನ್ನೊಂದು ಪಾತ್ರೆ ಇಟ್ಟಿದ್ದೇನೆ, ಉಂಡೆ ಕಟ್ಟಿತು. ಈಗ?"

"ಇಳಿಸು," ಅಂದುಬಿಟ್ಟೆ.

"ಮತ್ತೆ ಅಮ್ಮನ ಮೂರು ನಿಮಿಷ?"

ನಾಲಿಗೆ ಕಚ್ಚಿಕೊಂಡೆ. "ಇಳಿಸಬೇಡ. ಫೋನೂ ಇಡಬೇಡ."

ಅವಳ ಪಾತ್ರೆ ಕುದಿಯುವ ಸದ್ದು ಕೇಳುತ್ತಿತ್ತು. ಪಾಯಿಂಟ್ ಕುಕ್‌ನ ಅಡುಗೆಮನೆಯಲ್ಲಿ ನಿಂತು, ಇಲ್ಲಿನ ಗಡಿಯಾರ ನೋಡುತ್ತಾ, ಆ ಮೂರು ನಿಮಿಷ ನಾನೇ ಎಣಿಸಿದೆ.