ಮುನ್ನಿಯ ಹಗ್ಗ

ಸತ್ತವರು ಬಂದರು, ಕರೆದರು ಎನ್ನುವ ಮಾತು ಯಾರಾದರೂ ತೆಗೆದರೆ ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುವವನು. ಶಹಾಪುರದಲ್ಲಿ ನನ್ನದು ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ. ಮೋಟರು ಸುಟ್ಟಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡುವ ತಾಳ್ಮೆ ಬೇಕಷ್ಟೆ. ಲೋಕವೂ ಹಾಗೆಯೇ ಎಂದು ತಿಳಿದಿದ್ದೆ. ಈಗ ಹೇಳಹೊರಟಿರುವುದನ್ನು ಎಷ್ಟೋ ವರ್ಷದಿಂದ ಬಿಚ್ಚಿ ಬಿಚ್ಚಿ ನೋಡಿ ಸಾಕಾಗಿದೆ. ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ.

ನಾವು ಮೂವರು ಗೋಗಿಯ ಶಾಲೆಯಲ್ಲಿ ಒಂದೇ ಬೆಂಚಿನವರು. ಒಬ್ಬ ಮಹಿಬೂಬ, ನಮ್ಮ ಬಾಯಲ್ಲಿ ಮೈಬೂ. ಮದುವೆ ಮೆರವಣಿಗೆಗೆ ಕುದುರೆ ಒಯ್ಯುವುದು ಅವನ ಕಸುಬು. ಅವನ ಬಿಳಿ ಕುದುರೆಯ ಹೆಸರು ಮುನ್ನಿ. ಶಹಾಪುರ, ಸುರಪುರದ ಅರ್ಧ ಗಂಡಂದಿರು ಅವಳ ಬೆನ್ನೇರಿಯೇ ಸಂಸಾರಕ್ಕೆ ಬಿದ್ದವರು. ಇನ್ನೊಬ್ಬ ಬೀರಪ್ಪ, ದೇವಾಪುರದ ಕುರಿಗಾರ. ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಗಂಟುಮೂಟೆ ಹೇರಲು ಅವನ ಹತ್ತಿರ ಎರಡು ಗಿಡ್ಡ ಕುದುರೆ, ಟಟ್ಟುಗಳಿದ್ದವು. ನಾನು ಸವಾರಿ ಕಲಿತದ್ದೂ ಬಿದ್ದು ಮೊಣಕಾಲು ಒಡೆದುಕೊಂಡದ್ದೂ ಆ ಟಟ್ಟುಗಳ ಮೇಲೆಯೇ.

ಮದುವೆಯ ಸೀಸನ್ ಮುಗಿದ ಮೇಲೆ ಬಿಡುವಾದಾಗಲೆಲ್ಲ ಮೂವರೂ ಕಾಲುವೆಯ ದಂಡೆ ಹಿಡಿದು ದೇವಾಪುರದ ತನಕ ಹೋಗಿ ಬರುತ್ತಿದ್ದೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಆ ಸವಾರಿಗಳಷ್ಟು ಸುಖವನ್ನು ನಾನು ಮತ್ತೆಲ್ಲೂ ಉಂಡಿಲ್ಲ.

ಮೈಬೂನದೊಂದು ಪದ್ಧತಿ ಇತ್ತು. ಮರಳಿ ಬರುವಾಗ ಭೀಮರಾಯನಗುಡಿಯ ಈಚೆ ಕಾಲುವೆಯ ಸೇತುವೆ ಬಂದ ಕೂಡಲೇ ಅವನು ಕೆಳಗಿಳಿಯುತ್ತಿದ್ದ. ಹಗ್ಗವನ್ನು ಎಡ ಹೆಗಲ ಮೇಲೆ ಒಗೆದುಕೊಂಡು ಮುಂದೆ ಮುಂದೆ ನಡೆಯುತ್ತಿದ್ದ. ಮುನ್ನಿ ಅವನ ಹೆಗಲಿಗೆ ಗದ್ದ ತಾಗಿಸಿಕೊಂಡು ಹಿಂದೆ ಬರುತ್ತಿದ್ದಳು. ಮನೆಗೆ ಹೋಗುವಾಗಲಾದರೂ ಅವಳ ಬೆನ್ನು ಖಾಲಿ ಇರಲಿ ಎನ್ನುವುದು ಅವನ ವಾದ. ಅವನು ಇಳಿದ ಮೇಲೆ ನಾವು ಮೇಲೆ ಕೂತಿರಲು ಆಗುತ್ತದೆಯೇ? ಕುದುರೆ ಇದ್ದೂ ಕಾಲು ಸವೆಸುವ ಹುಚ್ಚರು ಎಂದು ಬೈದುಕೊಳ್ಳುತ್ತಲೇ ಇಳಿಯುತ್ತಿದ್ದೆವು.

ಒಂದು ಚಳಿಗಾಲದ ಬೆಳಗ್ಗೆ ಮೈಬೂ ಎದೆನೋವು ಎಂದವನು ಕಲಬುರಗಿ ಮುಟ್ಟುವ ಮೊದಲೇ ಹೋಗಿಬಿಟ್ಟ. ಇದಕ್ಕಿಂತ ಹೆಚ್ಚು ಅದನ್ನು ಬರೆಯಲು ನನ್ನಿಂದಾಗದು.

ಮದುವೆಯ ಕುದುರೆ ಸಾವಿನ ಮನೆಯ ಮುಂದೆ ನಿಲ್ಲಬಾರದು ಎಂದು ನಮ್ಮ ಕಡೆ ಒಂದು ಮಾತಿದೆ. ಹೆಣ ಕಂಡ ಕುದುರೆಯ ಮೇಲೆ ಯಾರೂ ಮದುಮಗನನ್ನು ಕೂರಿಸುವುದಿಲ್ಲ. ಹಾಗಾಗಿ ಮೈಬೂನ ತಮ್ಮ ಖಾಸಿಂ, ಅಣ್ಣನನ್ನು ಮನೆಗೆ ತರುವ ಮೊದಲೇ, ಮುನ್ನಿಯನ್ನು ಬೀರಪ್ಪನ ಕುರಿಹಟ್ಟಿಗೆ ಕಳಿಸಿದ್ದ. ಹಟ್ಟಿ ಆಗ ಭೀಮರಾಯನಗುಡಿಯ ಆಚೆ ಕೊಯ್ಲಾದ ಹೊಲವೊಂದರಲ್ಲಿತ್ತು. ಮಣ್ಣಿಗೆ ನಾವೆಲ್ಲ ಹೋದೆವು. ಮುನ್ನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಅವಳು ಮೇವು ಬಿಟ್ಟಳು. ಕಡಲೆ ಇಟ್ಟರೂ ಇಲ್ಲ, ಬೆಲ್ಲ ಇಟ್ಟರೂ ಇಲ್ಲ. ಮೈಬೂನ ಮನೆಯಿದ್ದ ಶಹಾಪುರದ ದಾರಿಗೆ ಮುಖ ಮಾಡಿ ನಿಂತವಳು ನಿಂತೇ ಇದ್ದಳು, ಪಕ್ಕೆಲುಬು ಎದ್ದು ಕಾಣತೊಡಗಿದವು. ದನದ ಡಾಕ್ಟರು ಬಂದು ಸೂಜಿ ಚುಚ್ಚಿದರು. ರೋಗವೇನೂ ಕಾಣುವುದಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ ಎಂದರು. ಮೈಬೂನ ಹೆಂಡತಿ ಪರದೆಯ ಹಿಂದಿನಿಂದ ನನಗೆ ಹೇಳಿದ್ದು ಒಂದೇ ಮಾತು: "ಅವರಂತೂ ಹೋದ್ರು ಅಣ್ಣಾ. ಅಕಿನ್ನರ ಉಳಸ್ರಿ."

ಉಪಾಯ ಬೀರಪ್ಪನದು. ಅವನ ಅಪ್ಪ ಸತ್ತಾಗ ಅವನ ಅವ್ವ ಹಟ್ಟಿಗೆ ಹೋಗಿ ಕುರಿಗಳಿಗೆಲ್ಲ ಸುದ್ದಿ ಹೇಳಿದ್ದಳಂತೆ. ಹೇಳದಿದ್ದರೆ ಜೀವ ದಾರಿ ಕಾಯುತ್ತದೆ ಎಂದು ಅವರ ಮನೆಯ ನಂಬಿಕೆ. "ಅಕಿಗೆ ಯಾರೂ ಹೇಳಿಲ್ಲಲೇ," ಎಂದ. "ಅದಕ್ಕ ನಿಂತಾಳ. ಖಬರಸ್ತಾನಕ್ಕ ಕರಕೊಂಡು ಹೋಗಿ ತೋರಿಸಿ ಬರೋಣು." ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಎಲ್ಲಿತ್ತು? ಖಾಸಿಂಗೆ ತಿಳಿಸದೆ ಹೊರಟೆವು.

ಇಳಿಹೊತ್ತು. ನಾವಿಬ್ಬರೂ ಟಟ್ಟುಗಳ ಮೇಲೆ, ಮುನ್ನಿ ಬರಿ ಬೆನ್ನಿನಲ್ಲಿ ನನ್ನ ಪಕ್ಕ. ಅವಳ ಹಗ್ಗ ನನ್ನ ಕೈಯಲ್ಲಿ. ಮೂವರು ಹೋಗುತ್ತಿದ್ದ ದಂಡೆಯ ಮೇಲೆ ಈಗ ಇಬ್ಬರೇ.

ಸೇತುವೆ ಬಂತು. ಮುನ್ನಿ ನಿಂತಳು. ನಾವೂ ರೂಢಿಯಂತೆ ಇಳಿದೆವು. ಹಗ್ಗ ಜಗ್ಗಿದೆ, ಅವಳು ಕದಲಲಿಲ್ಲ. ಮತ್ತೆ ಜಗ್ಗಿದಾಗ ತಲೆ ಕೊಡವಿದಳು, ಹಗ್ಗ ನನ್ನ ಕೈಯಿಂದ ಜಾರಿತು. ಆಗ ಅವಳ ಕಿವಿ ನೆಟ್ಟಗಾದವು. ದಿನಾ ಬೆಳಗ್ಗೆ ಮೈಬೂ ಕಡಲೆ ತಂದಾಗ ಅವಳು ಗಂಟಲಲ್ಲೇ ಮೆಲ್ಲಗೆ ತೆಗೆಯುತ್ತಿದ್ದ ದನಿಯೊಂದಿತ್ತು, ಅದನ್ನು ತೆಗೆದಳು. ತೆಗೆದು, ನಡೆಯತೊಡಗಿದಳು.

ಹಗ್ಗ ಕಾಲಿಗೆ ಸಿಕ್ಕೀತೆಂದು ಎತ್ತಿಕೊಳ್ಳಲು ಓಡಿದೆ. ಹಗ್ಗ ನೆಲದ ಮೇಲಿರಲಿಲ್ಲ. ಅವಳ ಮೋರೆಯಿಂದ ಮುಂದಕ್ಕೆ ಹೋಗಿ, ಒಬ್ಬ ಆಳಿನ ಎಡ ಹೆಗಲಿನ ಎತ್ತರದಲ್ಲಿ ನಿಂತು, ತುದಿ ಆಚೆ ಇಳಿಬಿದ್ದಿತ್ತು. ಮುಂದೆ ಯಾರೂ ಇರಲಿಲ್ಲ. ಹೊತ್ತು ಇನ್ನೂ ಮುಳುಗಿರಲಿಲ್ಲ, ಹತ್ತಿ ಗಿಡದ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಮುನ್ನಿ ಗದ್ದವನ್ನು ಆ ಎತ್ತರಕ್ಕೆ ತಗ್ಗಿಸಿಕೊಂಡು ನೆಮ್ಮದಿಯಾಗಿ ನಡೆಯುತ್ತಿದ್ದಳು.

ಹೆದರಿದಿರಾ ಎಂದು ಕೇಳುತ್ತೀರಿ. ಇಲ್ಲ, ಅಳು ಬಂತು. ಬೀರಪ್ಪನನ್ನು ನೋಡಿದೆ, ಅವನ ಕಣ್ಣಲ್ಲೂ ನೀರು. "ಮೈಬೂ," ಎಂದು ಒಮ್ಮೆ ಕರೆದೆ. ಮುನ್ನಿಯ ಕಿವಿ ಮಾತ್ರ ಹಿಂದಕ್ಕೆ ತಿರುಗಿದವು. ಊರಂಚಿನ ಖಬರಸ್ತಾನದ ತನಕ ಹಾಗೆಯೇ ಹಿಂದೆ ಹಿಂದೆ ನಡೆದೆವು.

ಗೇಟಿನ ಹತ್ತಿರ ಹಗ್ಗ ಸಡಿಲಾಗಿ ಕೆಳಗೆ ಬಿತ್ತು. ಮುನ್ನಿ ಒಳಗೆ ಹೋಗಿ ಹೊಸ ಮಣ್ಣಿನ ಗೋರಿಯ ಪಕ್ಕ ನಿಂತಳು. ಬೀರಪ್ಪ ಅವಳ ಕೊರಳ ಮೇಲೆ ಕೈಯಿಟ್ಟು ಹೇಳಿದ: "ಮೈಬೂ ಹೋಗ್ಯಾನವ್ವಾ. ಇನ್ನ ಬರಂಗಿಲ್ಲ. ದಾರಿ ನೋಡಬ್ಯಾಡ, ನೀ ತಿನ್ನು." ಅವಳು ಬಹಳ ಹೊತ್ತು ಆ ಮಣ್ಣು ಮೂಸಿದಳು. ಆಮೇಲೆ ಬದಿಯಲ್ಲಿ ಬೆಳೆದಿದ್ದ ಗರಿಕೆಗೆ ಬಾಯಿ ಹಾಕಿದಳು. ಹುಲ್ಲು ಹರಿಯುವ ಆ ಸದ್ದು ಕೇಳಿ ನಾನು ಅಲ್ಲೇ ಕುಕ್ಕರಿಸಿಬಿಟ್ಟೆ.

ಮುನ್ನಿ ಉಳಿದಳು. ಈಗಲೂ ಮದುಮಕ್ಕಳನ್ನು ಹೊರುತ್ತಾಳೆ. ಅವಳು ಖಬರಸ್ತಾನಕ್ಕೆ ಹೋಗಿ ಬಂದದ್ದು ಖಾಸಿಂಗೆ ಇಂದಿಗೂ ತಿಳಿಯದು, ಅವನನ್ನು ಕಂಡರೆ ನೀವೂ ಬಾಯಿ ಬಿಡಬೇಡಿ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನೋಡಿದೆ. ಹಗ್ಗ ಒಣಗಿ ಸೆಟೆದಿತ್ತೋ ಎಂದು ತಂದು ಹಿಡಿದು ನೋಡಿದೆ. ಮೆತ್ತನೆಯ ನೂಲಿನ ಹಗ್ಗ, ಕೈ ಬಿಟ್ಟರೆ ಹಾವಿನಂತೆ ಬೀಳುತ್ತದೆ. ಅತ್ತು ಅತ್ತು ಕಣ್ಣು ಮಂಜಾಗಿತ್ತು ಎಂದರೆ, ಇಬ್ಬರಿಗೂ ಒಂದೇ ತರಹ ಹೇಗೆ? ಬೀರಪ್ಪನನ್ನು ಕೇಳಿದರೆ ಅವನದು ಒಂದೇ ಉತ್ತರ: "ಅದನ್ನ ಬಿಚ್ಚಬ್ಯಾಡಲೇ. ಅದೇನು ನಿನ್ನ ಮೋಟರಲ್ಲ."

ನಿಜ ಹೇಳಬೇಕೆಂದರೆ ನನ್ನನ್ನು ಕೊರೆಯುವುದು ಹಗ್ಗ ಹೇಗೆ ನಿಂತಿತು ಎನ್ನುವುದಲ್ಲ. ಬಂದವನು ಅವನೇ ಆಗಿದ್ದರೆ, ನಾವೂ ಅಲ್ಲೇ ಇದ್ದೆವಲ್ಲ, ಒಂದು ಕುದುರೆಯಷ್ಟು ಹಿಂದೆ. ಕರೆದಾಗ ಓಗೊಡದೆ ಇದ್ದವನೇ ಅಲ್ಲ ಅವನು. ಮುನ್ನಿಗಾಗಿ ಬಂದವನು ಒಂದು ಸಲ ನಮ್ಮ ಕಡೆ ತಿರುಗಬಾರದಿತ್ತೇ?

ಈಗಲೂ ಆ ಸೇತುವೆ ಬಂದರೆ ಮೋಟರ್ ಸೈಕಲ್‌ನಿಂದ ಇಳಿದು ತಳ್ಳಿಕೊಂಡು ನಡೆಯುತ್ತೇನೆ. ಎದುರು ಸಿಕ್ಕವರು ಪೆಟ್ರೋಲ್ ಮುಗೀತೇನ್ರಿ ಎಂದು ಕೇಳುತ್ತಾರೆ. ಹೌದ್ರಿ ಎನ್ನುತ್ತೇನೆ.