ವೆಂಕಟರತ್ನಮ್ಮ ಮಿಸ್ಸಿನ ರಂಜಾನ್ ಪಾಠ

ವೆಂಕಟರತ್ನಮ್ಮ ಇಪ್ಪತ್ತೊಂದು ವರ್ಷದಿಂದ ಸಮಾಜ ವಿಜ್ಞಾನದ ಇಸ್ಲಾಂ ಪಾಠವನ್ನು ಒಂದೇ ಥರ ಮುಗಿಸಿಕೊಂಡು ಬಂದಿದ್ದರು. ಬೋರ್ಡಿನ ಮೇಲೆ ಐದು ಕರ್ತವ್ಯಗಳನ್ನು ಬರೆಯುವುದು, ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುವುದು, "ನಾಲ್ಕು ಮಾರ್ಕಿಗೆ ಬರತ್ತೆ, ಬಾಯಿಪಾಠ ಮಾಡಿ" ಅನ್ನುವುದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಐದು ನಿಮಿಷ ಉಳಿದೇ ಉಳಿಯುತ್ತಿತ್ತು.

ಅವರಿಗೆ ಈಗ ನಲವತ್ತೇಳು. ಗಂಡ ತೀರಿಕೊಂಡ ಮೇಲೆ ಬೂದಿಕೋಟೆ ಹತ್ತಿರದ ತವರಿಗೇ ಬಂದುಬಿಟ್ಟಿದ್ದರು. ಮಗಳು ಚಂದನ ಕೋಲಾರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ಅಪ್ಪ ಮುನಿಸ್ವಾಮಪ್ಪ, ಮೂರು ಸೀಮೆಹಸು. ಬೆಳಗ್ಗೆ ಅಪ್ಪ ಹಾಲು ಕರೆದು ಡೇರಿಗೆ ಹೊರಟರೆ ವೆಂಕಟರತ್ನಮ್ಮ ಬಂಗಾರಪೇಟೆ ಬಸ್ಸಿಗೆ ಓಡಬೇಕು. ಅಲ್ಲಿ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆಗೆ ಅವರ ಸರ್ಕಾರಿ ಹೈಸ್ಕೂಲು.

2025ರ ಫೆಬ್ರವರಿ. ಪರೀಕ್ಷೆ ಹತ್ತಿರ ಬಂದಿದ್ದರಿಂದ ಒಂಬತ್ತನೇ ತರಗತಿಗೆ ಹಳೆಯ ಪಾಠಗಳನ್ನು ಮತ್ತೊಂದು ಸಲ ಹೇಳಿಕೊಡುತ್ತಿದ್ದರು. ಬೋರ್ಡಿನ ಮೇಲೆ "ರೋಜಾ: ಉಪವಾಸ" ಎಂದು ಬರೆದು ತಿರುಗುವಷ್ಟರಲ್ಲಿ ಕೊನೆ ಬೆಂಚಿನ ರಾಜ್‌ಕುಮಾರ್ ಎದ್ದು ನಿಂತಿದ್ದ. ಮೈನಿಂಗ್ ಲೈನ್‌ಮನೆಗಳ, ಅಂದರೆ ಹಳೆಯ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಹುಡುಗ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ.

"ಮಿಸ್, ಪೊಂಗಲ್ ಯಾವಾಗ್ಲೂ ಜನವರಿಗೇ ಬರತ್ತೆ. ದೀಪಾವಳಿ ಮಳೆ ಮುಗಿಯೋ ಟೈಮಿಗೇ ಬರತ್ತೆ. ರಂಜಾನ್ ಮಾತ್ರ ಯಾಕೆ ವರ್ಷ ವರ್ಷ ಹಿಂದಕ್ಕೋಗ್ತಾ ಇದೆ? ನಾನು ಚಿಕ್ಕೋನಿದ್ದಾಗ ಜೂನಲ್ಲಿ ಬಂದಿತ್ತು."

"ಅವರದು ಚಾಂದ್ರಮಾನ ಕಣೋ. ಚಂದ್ರನ್ನ ನೋಡಿ ತಿಂಗಳು ಲೆಕ್ಕ."

"ದೀಪಾವಳೀನೂ ಅಮಾವಾಸ್ಯೆಗೇ ಅಲ್ವಾ ಮಿಸ್? ಅದೂ ಚಂದ್ರನ್ನ ನೋಡಿನೇ ತಾನೆ?"

ವೆಂಕಟರತ್ನಮ್ಮ ಪುಸ್ತಕದ ಪುಟ ತಿರುವಿದರು. ಅದರಲ್ಲಿ ಇದಿರಲಿಲ್ಲ. ಮೂವತ್ತೆಂಟು ಜೊತೆ ಕಣ್ಣುಗಳು ಅವರ ಮುಖವನ್ನೇ ನೋಡುತ್ತಿದ್ದವು. "ನಾಳೆ ಹೇಳ್ತೀನಿ" ಅಂದರು. ಗಂಟೆ ಹೊಡೆದದ್ದು ಪುಣ್ಯ.

ಸಂಜೆ ಮನೆಗೆ ಬಂದವರೇ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದರು. ಅಪ್ಪ ಹಾಲು ಕರೆಯುತ್ತ ಕೂತಿದ್ದರು. ಪ್ರಶ್ನೆ ಕೇಳಿ ತಲೆ ಎತ್ತದೆಯೇ ನಕ್ಕರು.

"ಅಷ್ಟೂ ಗೊತ್ತಿಲ್ವೇನೆ ರತ್ನಾ? ಚಂದ್ರನ ಅನ್ನೆರಡು ತಿಂಗ್ಳು ಸೇರ್ಸಿದ್ರೂ ಸೂರ್ಯನ ವರ್ಸಕ್ಕೆ ಅನ್ನೊಂದು ದಿನ ಕಮ್ಮಿ ಬೀಳ್ತದೆ. ನಾವು ಮೂರು ವರ್ಸಕ್ಕೊಂದು ಕಿತ ಅಧಿಕಮಾಸ ಅಂತ ಒಂದು ತಿಂಗ್ಳು ಸೇರ್ಸಿ ಸರಿ ಮಾಡ್ಕೋತೀವಿ. ಸಾಯಬ್ರು ಸೇರ್ಸಲ್ಲ. ಚಂದ್ರನ್ನ ಅವನ ಪಾಡಿಗೆ ಓಗಕ್ ಬಿಡ್ತಾರೆ. ಅದಕ್ಕೇ ಅವ್ರ ಅಬ್ಬ ಮಳೆಗೂ ಬತ್ತದೆ, ಚಳಿಗೂ ಬತ್ತದೆ."

"ಇದನ್ನ ನಿಂಗ್ಯಾರು ಹೇಳಿದ್ದು?"

"ರೇಸ್ಮೆಗೂಡಿನ ಯಾಪಾರಕ್ ಬತ್ತಿದ್ದ ಸಾಯಬ್ರೊಬ್ರು. ನಾನು ಪಂಚಾಂಗ ತೋರ್ಸ್ದೆ, ಅವ್ರು ಅವ್ರ ಕ್ಯಾಲೆಂಡ್ರು ತೋರ್ಸಿದ್ರು. ಒಂದಿನ ಪೂರ್ತಿ ಅದೇ ಮಾತು. ಗೂಡು ಮಾರೋದೇ ಮರ್ತೋಗಿದ್ವಿ."

ವೆಂಕಟರತ್ನಮ್ಮ ಹಾಲಿನ ಕ್ಯಾನು ಹಿಡಿದುಕೊಂಡು ಹಾಗೇ ನಿಂತರು. ಮೂರನೇ ಕ್ಲಾಸು ಓದಿದ ಅಪ್ಪನಿಗೆ ಗೊತ್ತಿದ್ದ ಸಂಗತಿ, ಬಿ.ಎಡ್ ಮುಗಿಸಿದ ತನಗೆ ಇಷ್ಟು ವರ್ಷ ಕೇಳಬೇಕು ಅಂತಲೂ ತೋಚಿರಲಿಲ್ಲ! ನಾಚಿಕೆಯಾಯಿತು. ಅದರ ಬೆನ್ನಿಗೇ ಎಂಥದೋ ಹುರುಪೂ ಬಂತು. ಬೆಳಗಾಗುವುದನ್ನೇ ಕಾದರು.

ಮರುದಿನ ಕ್ಲಾಸಿನಲ್ಲಿ ಅಪ್ಪನ ಮಾತನ್ನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ವರ್ಷಕ್ಕೆ ಹನ್ನೊಂದು ದಿನ ಜಾರಿದರೆ ಇಡೀ ವರ್ಷ ಸುತ್ತಿ ಬರಲು ಎಷ್ಟು ವರ್ಷ ಬೇಕು ಎಂದು ಮಕ್ಕಳೇ ಭಾಗಿಸಿ ನೋಡಿದರು. ಮೂವತ್ಮೂರು! ಆಗ ಎರಡನೇ ಬೆಂಚಿನಲ್ಲಿ ಎದ್ದದ್ದು ತಸ್ಮಿಯಾ. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಡದ ಹುಡುಗಿ.

"ಮಿಸ್, ನಮ್ಮ ನಾನಿ, ಅಂದ್ರೆ ಅಮ್ಮನ ಅಮ್ಮ, ಅದನ್ನ ಎರಡು ಸುತ್ತು ನೋಡಿದಾರೆ. ಅವರು ಮೊದಲನೇ ರೋಜಾ ಇಟ್ಟಿದ್ದು ಮಾರ್ಚಲ್ಲಂತೆ. ಆಮೇಲೆ ನಮ್ಮಮ್ಮ ಮೊದಲನೇ ರೋಜಾ ಇಟ್ಟಿದ್ದೂ ಮಾರ್ಚಲ್ಲಿ. ಈಗ ಎರಡನೇ ಸುತ್ತು ಮುಗಿಸಿ ಮತ್ತೆ ಮಾರ್ಚಿಗೆ ಬರ್ತಿದೆ."

ಕ್ಲಾಸಿನಲ್ಲಿ ಗದ್ದಲವೆದ್ದಿತು. ನಾನಿಯನ್ನು ಕರೆಸಿ ಮಿಸ್, ಕರೆಸಿ ಮಿಸ್ ಎಂದು ಮಕ್ಕಳು ಬೆಂಚು ಬಡಿಯತೊಡಗಿದರು. ಸದ್ದು ಕೇಳಿ ಹೆಡ್‌ಮಾಸ್ಟರ್ ಶ್ರೀನಿವಾಸಪ್ಪನವರೇ ಬಾಗಿಲಿಗೆ ಬಂದರು. ವಿಷಯ ತಿಳಿದು ಅವರ ಮುಖ ಸಣ್ಣಗಾಯಿತು.

"ಮೇಡಂ, ಕಾಲ ಸರಿಯಿಲ್ಲ. ಯಾರಾದ್ರೂ ಮೊಬೈಲಲ್ಲಿ ಹಿಡಿದು ಏನಾದ್ರೂ ಬರೆದು ಹಾಕಿಬಿಟ್ರೆ?"

"ಸರ್ಕಾರ ಕೊಟ್ಟಿರೋ ಪುಸ್ತಕದಲ್ಲೇ ಇರೋ ಪಾಠ ಸಾರ್. ಗೊತ್ತಿಲ್ಲದ ನಾನು ಹೇಳೋ ಬದಲು ಗೊತ್ತಿರೋರು ಹೇಳ್ತಾರೆ. ಅಷ್ಟೆ."

ಶ್ರೀನಿವಾಸಪ್ಪ ಕನ್ನಡಕ ಒರೆಸಿದರು. "ಸರಿ. ನಾನೂ ಬಂದು ಹಿಂದೆ ಕೂತ್ಕೊತೀನಿ. ಏನಾದ್ರೂ ಆದ್ರೆ ನಾನೂ ಇದ್ದೆ ಅಂತಾಗ್ಲಿ" ಅಂದರು.

ರಂಜಾನ್ ಶುರುವಾಗಿ ನಾಲ್ಕನೇ ದಿನ ತಸ್ಮಿಯಾಳ ನಾನಿ ಬದ್ರುನ್ನೀಸಾ ಶಾಲೆಗೆ ಬಂದರು. ಎಪ್ಪತ್ನಾಲ್ಕರ ಸಣ್ಣ ದೇಹ, ಬಿಳಿ ದುಪಟ್ಟಾ, ಕಾಲಿಗೆ ರಬ್ಬರ್ ಚಪ್ಪಲಿ. ಗಂಡ ಗಣಿಯೊಳಗೆ ಡ್ರಿಲ್ಲಿಂಗ್ ಕೆಲಸದಲ್ಲಿದ್ದವರು. ನಾನಿ ನಲವತ್ತು ವರ್ಷ ಮನೆಯ ಜಗಲಿಯಲ್ಲಿ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಅಲಿಫ್, ಬೇ ಎಂದು ಅರಬ್ಬಿ ಅಕ್ಷರ ಕಲಿಸಿದವರು. ಶ್ರೀನಿವಾಸಪ್ಪ ಗಡಿಬಿಡಿಯಲ್ಲಿ "ಕೂತ್ಕೊಳಿ ಅಮ್ಮ, ಕಾಫಿ ತರಿಸ್ತೀನಿ" ಅಂದುಬಿಟ್ಟರು. ಮಕ್ಕಳೆಲ್ಲ ಒಂದೇ ಸಲ "ಸಾ...ರ್! ರೋಜಾ!" ಎಂದು ಕೂಗಿದಾಗ ಹೆಡ್‌ಮಾಸ್ಟರು ನಾಲಗೆ ಕಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಾನಿಯೇ.

ಆಮೇಲೆ ಪ್ರಶ್ನೆಗಳ ಮಳೆ.

"ನೀರೂ ಕುಡಿಯಂಗಿಲ್ವಾ ಅಜ್ಜಿ?"

"ಇಲ್ಲ ಬೇಟಾ. ಬೆಳಕು ಹರಿಯೋಕೆ ಮುಂಚೆ ಊಟ, ಆಮೇಲೆ ಸೂರ್ಯ ಮುಳುಗೋ ತನಕ ಏನೂ ಇಲ್ಲ."

"ಉಗುಳು ನುಂಗಬೋದಾ?"

"ನಿನ್ನ ಉಗುಳು ನೀನು ನುಂಗು. ಯಾರು ಬೇಡ ಅಂತಾರೆ?"

"ಮರ್ತು ತಿಂದ್ಬಿಟ್ರೆ?" ಇದು ರಾಜ್‌ಕುಮಾರ್.

"ನಿಜವಾಗ್ಲೂ ಮರೆತು ತಿಂದ್ರೆ ರೋಜಾ ಮುರಿಯಲ್ಲ. ಅಲ್ಲಾನೇ ತಿನ್ನಿಸ್ದ ಅಂದ್ಕೊಂಡು ಮುಂದುವರಿಸ್ಬೇಕು."

"ಹಂಗಾದ್ರೆ ನಾನು ದಿನಾ ಮರೀತೀನಿ!"

"ನೀನು ಮರೀಬೋದು. ಅವನು ಮರೆಯಲ್ವಲ್ಲ" ಎಂದು ನಾನಿ ಮೇಲಕ್ಕೆ ಬೆರಳು ತೋರಿಸಿದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ರಂಜಾನ್ ಕಡು ಬೇಸಿಗೆಗೆ ಬಂದ ವರ್ಷಗಳ ಕಥೆಯನ್ನೂ ಅವರು ಹೇಳಿದರು. ಭೂಮಿಯ ಹೊಟ್ಟೆಯೊಳಗೆ ಬಂಡೆಯೇ ಬೆವರುವ ಸೆಕೆಯಲ್ಲಿ ಗಂಡ ರೋಜಾ ಇಟ್ಟು ಇಳಿಯುತ್ತಿದ್ದರಂತೆ. ಜೊತೆಗಾರರು ಅವರ ಪಾಲಿನ ಭಾರದ ಕೆಲಸ ತಾವು ಎತ್ತಿಕೊಂಡು, ಅವರೆದುರಿಗೆ ನೀರಿನ ಬಾಟಲಿಗೆ ಕೈ ಹಾಕುತ್ತಿರಲಿಲ್ಲವಂತೆ. ಹಬ್ಬದ ನಮಾಜಿಗೆ ಮುಂಚೆ ಬಡವರ ಮನೆಗೆ ಧಾನ್ಯ ತಲುಪಲೇಬೇಕು, ಆ ದಿನ ಯಾರ ಒಲೆಯೂ ತಣ್ಣಗಿರಬಾರದು, ಅದಕ್ಕೆ ಫಿತ್ರಾ ಅನ್ನುತ್ತಾರೆ ಎಂದೂ ವಿವರಿಸಿದರು. ವೆಂಕಟರತ್ನಮ್ಮ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಪೀರಿಯಡ್ ಮುಗಿದ ಗಂಟೆ ಅವರ ಕಿವಿಗೆ ಬೀಳಲೇ ಇಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಬಾಗಿಲಲ್ಲಿ ಒರಗಿ ನಿಂತು ತಾವೂ ಕೇಳುತ್ತಿದ್ದರು.

ಅಂದಿನಿಂದ ಮಕ್ಕಳು ಚಂದ್ರನ ಪುಸ್ತಕ ಶುರು ಮಾಡಿದರು. ದಿನಾ ಕಂಡಷ್ಟು ಚಂದ್ರನನ್ನು ಬಿಡಿಸಿ, ಪಕ್ಕದಲ್ಲಿ ಎಷ್ಟನೇ ರೋಜಾ ಎಂದು ಬರೆಯಬೇಕು. ಮಾರ್ಚ್ ಮೂರನೇ ವಾರದ ಒಂದು ಬೆಳಗ್ಗೆ ಸುಮಿತಾ ಎಂಬ ಹುಡುಗಿ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಸ್ಟಾಫ್‌ರೂಮಿಗೆ ಓಡಿ ಬಂದಳು. ಮಾತು ಉಸಿರಿಗೆ ಸಿಕ್ಕಿಹಾಕಿಕೊಂಡಿತ್ತು.

"ಮಿಸ್! ಉಗಾದಿ ಮೂವತ್ತನೇ ತಾರೀಖು. ಅವತ್ತೇ ಇಪ್ಪತ್ತೊಂಬತ್ತನೇ ರೋಜಾ! ಅವತ್ತು ಸಂಜೆ ಚಂದ್ರ ಕಂಡ್ರೆ ಮಾರನೇ ದಿನ ಅವರ ಹಬ್ಬ! ನಮ್ಮಜ್ಜಿ ಉಗಾದಿ ಚಂದ್ರ ಅಂತ ನೋಡೋದೂ ತಸ್ಮಿಯಾ ಮನೇಲಿ ಹಬ್ಬದ ಚಂದ್ರ ಅಂತ ನೋಡೋದೂ ಒಂದೇ ಚಂದ್ರ ಮಿಸ್!"

ವೆಂಕಟರತ್ನಮ್ಮ ಕ್ಯಾಲೆಂಡರನ್ನು ಎರಡು ಸಲ ನೋಡಿದರು. ಹೌದು. ಆ ಸಂಜೆ ಎಲ್ಲರೂ ಒಟ್ಟಿಗೆ ನೋಡಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ಉಗಾದಿ ಭಾನುವಾರ ಬಂತು. ಎಣ್ಣೆಸ್ನಾನ, ಪೂಜೆ, ಹೋಳಿಗೆ ಊಟ ಮುಗಿಸಿ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಮಗಳ ಮುಂದೆ ಮುನಿಸ್ವಾಮಪ್ಪ ಹೊಸ ಪಂಚೆಯುಟ್ಟು ನಿಂತರು.

"ನಾನೂ ಬತ್ತೀನಿ."

"ಹಸು ಕರೆಯೋದು ಯಾರಪ್ಪ?"

"ಪಕ್ಕದ್ಮನೆ ಬಾಲಾಜಿಗೆ ಯೋಳಿದೀನಿ. ನಡಿ, ಬಸ್ಸು ಓಯ್ತದೆ."

ಶಾಲೆಯ ಮೈದಾನದಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ಸೇರಿದ್ದರು. ಕೆಲವರ ತಾಯಂದಿರೂ ತಸ್ಮಿಯಾಳ ನಾನಿಯೂ ಬಂದಿದ್ದರು. ಅಲ್ಲೇ ಒಂದು ತೊಡಕು ಕಾಣಿಸಿತು: ಚಿನ್ನ ಬೇರ್ಪಡಿಸಿ ಸುರಿದ ಗಣಿಯ ಸೈನೈಡ್ ಮಣ್ಣಿನ ದಿಬ್ಬ ಪಶ್ಚಿಮವನ್ನು ಗೋಡೆಯ ಹಾಗೆ ಮುಚ್ಚಿತ್ತು. ದಿಬ್ಬ ಹತ್ತೋಣ ಎಂದು ಹುಡುಗರು ಕುಣಿದರು. ಆ ಧೂಳಿಗೆ ಮಕ್ಕಳನ್ನು ಬಿಡಲು ವೆಂಕಟರತ್ನಮ್ಮ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ರೈಲ್ವೆ ಸ್ಟೇಷನ್ ಪಕ್ಕದ ಬಯಲಿಗೆ ಹೊರಟರು. ಅಲ್ಲಿಂದ ದಿಬ್ಬ ದೂರವಾಗಿ ತಗ್ಗಿ ಕಾಣುತ್ತಿತ್ತು. ಶ್ರೀನಿವಾಸಪ್ಪ ಸ್ಕೂಟರಿನಲ್ಲಿ ನಾನಿಗೊಂದು ಪ್ಲಾಸ್ಟಿಕ್ ಕುರ್ಚಿ ಕಟ್ಟಿಕೊಂಡು ಬಂದರು.

ಹಿರಿಯರಿಬ್ಬರೂ ಕೂತ ಕ್ಷಣವೇ ಚರ್ಚೆ ಹತ್ತಿತು.

"ಪಂಚಾಂಗದಾಗೆ ಬರ್ದೈತೆ ಬೂಬಮ್ಮ, ಈವತ್ತು ಕಾಣೇ ಕಾಣ್ತದೆ" ಎಂದರು ಮುನಿಸ್ವಾಮಪ್ಪ.

"ಪುಸ್ತಕ ಸುಳ್ಳು ಅನ್ನಲ್ಲ ಅಣ್ಣಾ. ಆದ್ರೆ ನಮಗೆ ಕಣ್ಣಿಂದಲೇ ನೋಡಿ ಸಾಕ್ಷಿ ಸಿಕ್ಕಬೇಕು. ಕಾಣ್ಲಿಲ್ಲ ಅಂದ್ರೆ ನಾಳೆನೂ ರೋಜಾ."

"ಮೋಡ ಬಂದ್ರೆ?"

"ಮೋಡ ಬಂದ್ರೆ ಇನ್ನೊಂದು ದಿನ ಹಸಿವು. ಅದ್ರಲ್ಲೇನಿದೆ?"

ಸೂರ್ಯ ಮುಳುಗಿದ. ದೂರದ ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿಸಿತು. ನಾನಿ ಖರ್ಜೂರ ಬಾಯಿಗಿಟ್ಟು ಒಂದು ಗುಟುಕು ನೀರು ಕುಡಿದರು. ಅಷ್ಟು ಹೊತ್ತು ಕಿರುಚಾಡುತ್ತಿದ್ದ ಮಕ್ಕಳು, ಯಾರೂ ಹೇಳದಿದ್ದರೂ, ಸುಮ್ಮನೆ ನಿಂತು ನೋಡಿದರು. ನಾನಿ ಅಲ್ಲೇ ಚಾಪೆ ಹಾಸಿ ನಮಾಜು ಮುಗಿಸಿ ಏಳುತ್ತಲೇ ಮುನಿಸ್ವಾಮಪ್ಪ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬೇವುಬೆಲ್ಲ ಕೊಟ್ಟರು. ಬೇವಿನ ಕಹಿಗೆ ನಾನಿ ಮುಖ ಕಿವುಚಿದ್ದು ಕಂಡು ತಸ್ಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಚಂದ್ರ ಮಾತ್ರ ಇಲ್ಲ. ದಿಬ್ಬದ ಮೇಲೆ ಸರಿಯಾಗಿ ಒಂದು ಕೆಂಪು ಮೋಡದ ಪಟ್ಟಿ ಮಲಗಿತ್ತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಒಬ್ಬ ಹುಡುಗ ರಾಕೆಟ್ಟಿನ ಹೊಗೆಯಂತಿದ್ದ ವಿಮಾನದ ಗೆರೆ ನೋಡಿ ಚಂದ್ರ ಎಂದು ಕೂಗಿ ಬೈಸಿಕೊಂಡ. ಕೆಲವರಿಗೆ ಕತ್ತು ನೋಯತೊಡಗಿತು. ವೆಂಕಟರತ್ನಮ್ಮ ಮುಂಗಾಲಿನ ಮೇಲೆ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. ಕಾಣಲಪ್ಪ, ಈ ಮಕ್ಕಳ ಮುಂದೆ ಇವತ್ತೊಂದು ದಿನ ಕಾಣಲಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡರು. ಯಾರಿಗೆ ಹೇಳಿಕೊಳ್ಳುತ್ತಿದ್ದೇನೆ ಎಂಬುದು ಅವರಿಗೂ ತಿಳಿಯದು.

"ಅದೋ ಪಾರ್! ಅದೋ!" ರಾಜ್‌ಕುಮಾರ್ ಕನ್ನಡವನ್ನೇ ಮರೆತು ತಮಿಳಿನಲ್ಲಿ ಅರಚಿದ. "ಮಿಸ್, ಕರೆಂಟ್ ಕಂಬದ ಎಡಗಡೆ! ಮೋಡದ ಮೇಲೆ!"

ಎಲ್ಲರೂ ನುಗ್ಗಿದರು. ಎಲ್ಲಿ, ಎಲ್ಲಿ? ಎಕ್ಕಡ್ರಾ? ಆಮೇಲೆ ಒಬ್ಬರಾದ ಮೇಲೊಬ್ಬರಿಗೆ ಕಾಣಿಸಿತು. ಉಗುರಿನಿಂದ ಗೀರಿದಷ್ಟು ತೆಳ್ಳಗೆ, ಕೊಂಚ ವಾಲಿಕೊಂಡು, ಇದೆಯೋ ಇಲ್ಲವೋ ಎಂಬಂತೆ. ವೆಂಕಟರತ್ನಮ್ಮ ಅದನ್ನು ಕಂಡಾಗ ಚಪ್ಪಾಳೆ ತಟ್ಟಿ ಒಂದು ಗೇಣು ಮೇಲಕ್ಕೆ ಹಾರಿಯೇಬಿಟ್ಟರು.

ನಾನಿ ಎರಡೂ ಅಂಗೈ ತೆರೆದು ದುವಾ ಹೇಳಿದರು. ಒಂದು ಮಾರು ಆಚೆ ಮುನಿಸ್ವಾಮಪ್ಪ ಕೈ ಜೋಡಿಸಿ ಕಣ್ಣು ಮುಚ್ಚಿದ್ದರು. ಉಗಾದಿ ಚಂದ್ರ ಕಂಡ ಮೇಲೆ ಹಿರಿಯರಿಗೆ ನಮಸ್ಕಾರ ಮಾಡುವ ರೂಢಿಯಲ್ಲಿ ಸುಮಿತಾ ಬಂದು ಮೊದಲು ತಾತನ ಕಾಲಿಗೆರಗಿದಳು, ಆಮೇಲೆ ನಾನಿಯ ಕಡೆ ಬಗ್ಗಿದಳು. ನಾನಿ ಅವಳನ್ನು ಅರ್ಧದಲ್ಲೇ ಹಿಡಿದೆತ್ತಿ ತಬ್ಬಿಕೊಂಡರು. "ನಮ್ಮಲ್ಲಿ ಹೀಗೆ ಬೇಟಾ. ಚಾಂದ್ ಮುಬಾರಕ್." ಆಮೇಲೆ ಸಾಲುಗಟ್ಟಿದ ಮಕ್ಕಳೆಲ್ಲರೂ ತಾತನಿಗೆ ನಮಸ್ಕಾರ ಮಾಡಿ ನಾನಿಯನ್ನು ಅಪ್ಪಿಕೊಂಡರು. ಸಾಲಿನ ಕೊನೆಯಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಅವರು ದೂರದಿಂದಲೇ ಸಲಾಂ ಮಾಡಿದರು.

"ಇದು ಮತ್ತೆ ಹೀಗೆ ಮಾರ್ಚ್ ಕೊನೇಗೆ ಬರೋದು 2058ಕ್ಕೆ" ಎಂದು ರಾಜ್‌ಕುಮಾರ್ ಬೆರಳು ಮಡಿಸಿದ. "ಆಗ ನಂಗೆ ನಲವತ್ತೇಳು, ನಲವತ್ತೆಂಟು. ನಿಮಗೀಗ ಎಷ್ಟು ಮಿಸ್?"

"ಅಷ್ಟೇ ಕಣೋ" ಎಂದರು ವೆಂಕಟರತ್ನಮ್ಮ. ಹುಡುಗ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ.

ನಾನಿ ಕುರ್ಚಿಯಿಂದಲೇ ಕೈ ಬೀಸಿದರು. "ಇಲ್ಲೇ ನಿಂತ್ರೆ ಹೆಂಗೆ? ನಮ್ಮ ಲೈನಲ್ಲಿ ಕಣ್ಣು ಕಾಣದ ಮುದುಕಿಯರಿದಾರೆ. ನಾಳೆ ಈದಾ ಅಂತ ಕಾಯ್ತಾ ಕೂತಿರ್ತಾರೆ. ಓಡಿ, ಹೋಗಿ ಹೇಳಿ!"

ಮಕ್ಕಳು ಬಿಟ್ಟ ಬಾಣದಂತೆ ಹೊರಟರು. ತಸ್ಮಿಯಾ ಹಿಂತಿರುಗಿ "ಬನ್ನಿ ಮಿಸ್!" ಎಂದು ಕೈ ಹಿಡಿದೆಳೆದಳು. ವೆಂಕಟರತ್ನಮ್ಮ ಹಬ್ಬದ ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಹಿಡಿದು ಓಡಿದರು. ಹಿಂದಿನಿಂದ ಅಪ್ಪ "ಬಿದ್ದೀಯ ಕಣೇ ರತ್ನಾ!" ಎಂದು ಕೂಗುವುದು ಕೇಳಿಸಿತು. ಲೈನ್‌ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಹಿಟ್ಟಿನ ಕೈಯ ಹೆಂಗಸರು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ ಗಂಡಸರು ಹೊರಗೆ ಬಂದರು. ಮೊದಲನೇ ಮನೆಯ ಮೆಟ್ಟಿಲಲ್ಲಿ ಕೂತಿದ್ದ ಮುದುಕಿಯೊಬ್ಬರು ಗಾಳಿಯಲ್ಲಿ ಕೈ ಚಾಚಿ "ಚಾಂದ್ ದಿಖಾ ಕ್ಯಾ?" ಎಂದು ಕೇಳಿದರು.

ಏದುಸಿರು ಬಿಡುತ್ತ ವೆಂಕಟರತ್ನಮ್ಮ ಆ ಕೈ ಹಿಡಿದುಕೊಂಡರು. "ಕಾಣಿಸ್ತು ಅಜ್ಜಿ. ನಾನೇ ನೋಡಿದೆ!"